ಬಾಣಂತಿ ಹೊಟ್ಟೆ ಮತ್ತು ಬ್ಯಾಡಗಿ ಮೆಣಸಿನಕಾಯಿ

ಸೀಸನ್ ಶುರುವಾಯಿತೆಂದರೆ ವಾರಕ್ಕೊಮ್ಮೆಯಾದರೂ ಬ್ಯಾಡಗಿ ಎಪಿಎಂಸಿಗೆ ಹೋಗಿ ರೇಟ್ ಕೇಳಿ ಬರೋದು ನನ್ನ ಕೆಲಸ. ಜನವರಿ ದಾಟಿದ ಮೇಲೆ ಆ ಊರಿನ ಗಾಳಿಯೇ ಬೇರೆ. ಬಸ್ಸಿನಿಂದ ಇಳಿದ ಕೂಡಲೇ ಸೀನು, ಕಣ್ಣಲ್ಲಿ ನೀರು. ಲಾರಿ, ಚೀಲ, ರಾಶಿ, ಎಲ್ಲಾ ಕೆಂಪು. ಕಳೆದ ಸೀಸನ್ನಿನಲ್ಲಿ ಹಾಗೇ ಒಂದು ದಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ನೀರು ಕೇಳಿ ಒಂದು ಮನೆಯ ಕಟ್ಟೆ ಮೇಲೆ ಕೂತೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಮನೆ ಅದು. ಒಳಕೋಣೆಯ ಕಿಟಕಿಗೆ ಒದ್ದೆ ಸೀರೆ ಕಟ್ಟಿದ್ದರು. ಯಾಕೆ ಅಂತ ಕೇಳಿದರೆ ಅಜ್ಜಿ ಹೇಳಿದಳು: "ಒಳಗ ಬಾಣಂತಿ ಅದಾಳವ್ವಾ. ಘಾಟು ಬಡೀಬಾರದು. ನಾಲ್ವತ್ತು ದಿನಾ ಆಕಿ ಗಂಗಾಳಕ್ಕ ಮೆಣಸಿನಕಾಯಿ ಹಾಕಂಗಿಲ್ಲ, ಹೊಟ್ಟಿ ಕೆಡತೈತಿ."

ದೇಶಕ್ಕೆಲ್ಲ ಮೆಣಸಿನಕಾಯಿ ಮಾರುವ ಊರಲ್ಲಿ, ಅದನ್ನೇ ಬಿಡಿಸಿ ಹೊಟ್ಟೆ ಹೊರೆಯುವ ಮನೆಯಲ್ಲಿ, ಬಾಣಂತಿ ತಟ್ಟೆಗೆ ಮಾತ್ರ ಅದು ಇಲ್ಲ. ಹಾಗಾದರೆ ಏನು ಹಾಕುತ್ತೀರಿ ಅಂದೆ. ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಒಣಶುಂಠಿ, ಜೀರಿಗೆ, ಇಂಗು, ಸಬ್ಬಸಿಗೆ ಪಲ್ಯ, ತುಪ್ಪ. ಜೊತೆಗೆ ಅಂಟಿನುಂಡೆ, ಅಳವಿ ಪಾಯಸ. ಈ ಪಟ್ಟಿ ನನಗೆ ಹೊಸದೇನಲ್ಲ, ನನ್ನ ಬಾಣಂತನದಲ್ಲೂ ಇದೇ. ಆದರೆ ಆ ಕೆಂಪು ಊರಲ್ಲಿ ಕೂತು ಕೇಳಿದಾಗ ಬೇರೆ ಥರ ಕೇಳಿಸಿತು. ನನಗೆ ಅನ್ನಿಸಿದ್ದು ಇಷ್ಟು: ಇದು ಮೆಣಸಿನಕಾಯಿ ಬರುವ ಮೊದಲಿನ ಅಡುಗೆಮನೆ. ಬಾಣಂತಿ ಕೋಣೆಯಲ್ಲಿ ಉಳಿದುಕೊಂಡಿದೆ.

ಮೆಣಸಿನಕಾಯಿ ಈ ನೆಲದ್ದಲ್ಲ ಅನ್ನೋದು ಬ್ಯಾಡಗಿಯಲ್ಲಿ ಹೇಳಿದರೆ ಜನ ನಗುತ್ತಾರೆ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, ಅದೇ ಶತಮಾನದಲ್ಲಿ ಅವರ ಹಡಗಿನ ಜೊತೆ ಈ ಕಾಯಿಯೂ ಇಳಿಯಿತು. ಪುರಂದರದಾಸರ ಹೆಸರಿನಲ್ಲಿರುವ ಪದವೊಂದರಲ್ಲಿ ಮೆಣಸಿನಕಾಯಿ ಬರುತ್ತದೆ ಎಂದು ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಆದರೆ ದೊಡ್ಡ ಸಾಕ್ಷಿ ನಮ್ಮ ಬಾಯಲ್ಲೇ ಇದೆ. ಮೆಣಸು ನಮ್ಮದು, ಬಂದವನಿಗೆ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಅಂದೆವು. ಆಮೇಲೆ ಬಂದವನೇ ಮನೆ ಯಜಮಾನನಾದ. ಮೂಲದ ಮೆಣಸನ್ನು ಗುರುತಿಸೋಕೆ 'ಕಾಳುಮೆಣಸು' ಅಂತ ಕರೆಯಬೇಕಾಯಿತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಾಗ ಜಿಲ್ಲೆಯ ಪತ್ರಿಕೆಗಳೆಲ್ಲ ಸಂಭ್ರಮದಿಂದ ಬರೆದವು. ತಪ್ಪೇನಿಲ್ಲ, ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಈ ತಳಿಯನ್ನು ನಮ್ಮ ರೈತರೇ ಬೆಳೆಸಿ ಉಳಿಸಿಕೊಂಡಿದ್ದು.

ಅದಕ್ಕೂ ಮೊದಲು ನಮ್ಮ ಭಾಗದ ಅಡುಗೆ ಹೇಗಿತ್ತು? ಹಾವೇರಿ ಸಿದ್ಧೇಶ್ವರ ಗುಡಿಯ ಕಲ್ಲು ಕೆತ್ತಿದ ಕಾಲ ಕಲ್ಯಾಣ ಚಾಲುಕ್ಯರದು. ಅದೇ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಬಾವಿ ತೋಡುವುದರಿಂದ ಹಿಡಿದು ಅಡುಗೆ, ಔಷಧದವರೆಗೆ ಅದರಲ್ಲಿದೆ. ನೂರು ವರ್ಷದ ನಂತರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಬಂತು, ಅದರ ಅನ್ನಭೋಗದ ಭಾಗದಲ್ಲಿ ಅರಮನೆ ಅಡುಗೆಯ ವಿವರ ಇದೆ. ಇಂಗಿನ ನೀರು, ಮೆಣಸು, ಶುಂಠಿ. ಮೆಣಸಿನಕಾಯಿ ಇರೋಕೆ ಸಾಧ್ಯವೇ ಇಲ್ಲ. ಬ್ಯಾಡಗಿ ಅಜ್ಜಿಯ ಬಾಣಂತಿ ಸಾರನ್ನು ಸೋಮೇಶ್ವರನ ಅಡುಗೆಯವನಿಗೆ ಕೊಟ್ಟರೆ ಗುರುತು ಹಿಡಿಯುತ್ತಿದ್ದ. ನಾವು ಮಧ್ಯಾಹ್ನ ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ರಂಜಕ ಕೊಟ್ಟಿದ್ದರೆ ಕಕ್ಕಾಬಿಕ್ಕಿ ಆಗುತ್ತಿದ್ದ.

ಈ ಸ್ಟೋರಿ ಡೆಸ್ಕಿನವರಿಗೆ ಹೇಳಿದೆ. "ಮಹಿಳಾ ಪುರವಣಿಗೆ ಕೊಡಿ, ಮುನ್ನೂರು ಪದ ಸಾಕು, ಟಿಪ್ಸ್ ಥರ ಇರಲಿ" ಅಂದರು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಇನ್ನು ನನ್ನ ವಿಷಯ. ಮೊದಲ ಹೆರಿಗೆ, ತವರು ರಾಣೆಬೆನ್ನೂರು. ಸಹಜ ಹೆರಿಗೆ, ಆದರೆ ಹೊಲಿಗೆ ಬಿದ್ದಿತ್ತು. ಎರಡನೇ ದಿನದಿಂದ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿತು. ಗಾಳಿ ಹೋಗುತ್ತಿಲ್ಲ, ಹೊರಕಡೆ ಆಗುತ್ತಿಲ್ಲ. ಮುಕ್ಕಿದರೆ ಹೊಲಿಗೆ ಬಿಚ್ಚುತ್ತದೆ ಅನ್ನೋ ಭಯ. ಡಿಸ್ಚಾರ್ಜ್ ಮಾಡುವಾಗ ನರ್ಸ್ ಕೇಳಿದರು, "ಮೋಶನ್ ಆತೇನ್ರೀ?" ಸುತ್ತ ಅತ್ತೆ, ಮಾವ, ಚಿಕ್ಕಪ್ಪ, ಎಲ್ಲ ನಿಂತಿದ್ದರು. "ಆತ್ರಿ" ಅಂದೆ. ಊರವರ ಬಾಯಿಂದ ಸತ್ಯ ಹೊರಡಿಸೋ ಕೆಲಸ ಮಾಡುವವಳು ನಾನು, ನನ್ನ ಬಾಯಿಂದ ಅಷ್ಟು ಸತ್ಯ ಹೊರಡಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಊಟಕ್ಕೆ ಎರಡು ಗುಟುಕು ಬಿಸಿನೀರು ಕೊಡುತ್ತಿದ್ದಳು, ಅಷ್ಟೇ. "ನೀರ ಕುಡದ್ರ ಹೊಟ್ಟಿ ಬರತೈತಿ, ಮತ್ತ ಒಳಗ ಹೋಗಂಗಿಲ್ಲ." ಜೊತೆಗೆ ದಿನಕ್ಕೊಂದು ಕಬ್ಬಿಣದ ಮಾತ್ರೆ. ಆರನೇ ದಿನ ನಾನು ಬಚ್ಚಲಲ್ಲಿ ಕೂತು ಅತ್ತಿದ್ದನ್ನು ಮನೆಯವರು 'ಬಾಣಂತಿ ಸನ್ನಿ' ಇರಬಹುದು ಅಂತ ಮಾತಾಡಿಕೊಂಡರು. ಸನ್ನಿ ಅಲ್ಲ, ಮಲಬದ್ಧತೆ. ಆಮೇಲೆ ಡಾಕ್ಟರು ಕೊಟ್ಟ ಒಂದು ಸಿರಪ್ಪು ಮತ್ತು ಒಂದು ತಂಬಿಗೆ ನೀರು ಸಾಕಾಯಿತು.

ಹೀಗೆ ಆಗೋದಕ್ಕೆ ಕಾರಣ ಈಗ ಗೊತ್ತಿದೆ. ಬಸಿರಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಹೆರಿಗೆ ಆದ ಮರುದಿನವೇ ಅದು ಸರಿಹೋಗೋದಿಲ್ಲ. ಹೊಟ್ಟೆಯ ಸ್ನಾಯು ಸಡಿಲ ಆಗಿರುತ್ತದೆ. ಹೊಲಿಗೆಯ ನೋವು, ಭಯ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ಬಸಿರಿನಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ಅದು ಬೇಕೇ ಬೇಕು, ಆದರೆ ಹೊಟ್ಟೆ ಕಟ್ಟುತ್ತದೆ. ಇದರ ಮೇಲೆ ನೀರೂ ಕೊಡದಿದ್ದರೆ ಏನಾಗುತ್ತೆ? ಹಾಲಿಗೆ ಹೋಗುವ ನೀರನ್ನು ಮೈ ಎಲ್ಲಿಂದಲೋ ಎಳೆದುಕೊಳ್ಳಲೇಬೇಕು, ಕರುಳಿನಿಂದಲೂ ಎಳೆದುಕೊಳ್ಳುತ್ತದೆ.

ಹಾಗಂತ ಅಜ್ಜಿಯರಿಗೆ ಏನೂ ಗೊತ್ತಿರಲಿಲ್ಲ ಅನ್ನೋ ಮಾತಲ್ಲ ಇದು. ಹೆತ್ತವಳ ಹೊಟ್ಟೆಯ 'ವಾಯು' ಬಹಳ ಹಳೆಯ ಚಿಂತೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯದಲ್ಲಿ ಬಾಣಂತಿಗೆ ಏನು ಮಾಡಬೇಕೆಂದು ಇದೆ. ಹಸಿವಾದಾಗ ತುಪ್ಪ ಅಥವಾ ಎಣ್ಣೆಯಲ್ಲಿ ಹಿಪ್ಪಲಿ, ಹಿಪ್ಪಲಿ ಬೇರು, ಚವ್ಯ, ಚಿತ್ರಮೂಲ, ಶುಂಠಿಯ ಪುಡಿ ಕಲಸಿ ಕೊಡಬೇಕು. ಹೊಟ್ಟೆಗೆ ಎಣ್ಣೆ-ತುಪ್ಪ ಸವರಿ ದೊಡ್ಡ ಬಟ್ಟೆ ಸುತ್ತಬೇಕು, ವಾಯುವಿಗೆ ಜಾಗ ಸಿಗದ ಹಾಗೆ. ಆಮೇಲೆ ತೆಳ್ಳಗಿನ ಗಂಜಿ, ಐದು ಅಥವಾ ಏಳು ರಾತ್ರಿ. ಕನ್ನಡದಲ್ಲೂ ವೈದ್ಯಗ್ರಂಥಗಳ ಸಾಲು 12ನೇ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಿಂದ ಶುರುವಾಗುತ್ತದೆ. ಆದರೆ ನಮ್ಮ ಓಣಿಯ ಸೂಲಗಿತ್ತಿ ಇದ್ಯಾವುದನ್ನೂ ಓದಿದವಳಲ್ಲ. ಹಳೇ ಸೀರೆ ಹರಿದು ನನ್ನ ಹೊಟ್ಟೆಗೆ ಬಿಗಿದು ಕಟ್ಟಿದಾಗ ಅವಳೂ ಹೇಳಿದ್ದು, "ವಾಯು ಸೇರಬಾರದು."

ಈ ಹೊಟ್ಟೆಕಟ್ಟು ಸರ್ಕಾರದ ಕಡತಕ್ಕೂ ಹೋಗಿದೆ ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ. 2007ರಲ್ಲಿ ಕರ್ನಾಟಕ ಸರ್ಕಾರ ಶುರು ಮಾಡಿದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಜಮಖಾನ, ಸೋಪು, ಕೊಬ್ಬರಿ ಎಣ್ಣೆ, ಕೂಸಿನ ಸ್ವೆಟರ್ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಪಟ್ಟಿಯೂ ಇತ್ತು. ಬಡ ಹೆಣ್ಣುಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆತರೋಕೆ ಕೊಟ್ಟ ಆ ಚೀಲದಲ್ಲಿ ಯಾವ ಅಧಿಕಾರಿ ಇದನ್ನು ಸೇರಿಸಿದರೋ, ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ಸಡಿಲವಾಗಿ ಕಟ್ಟಿದರೆ ಸೊಂಟಕ್ಕೆ ಆಸರೆ, ಆರಾಮ. ಉಸಿರು ಕಟ್ಟುವ ಹಾಗೆ ಬಿಗಿದರೆ ಒತ್ತಡವೆಲ್ಲ ಕೆಳಗೆ, ಹೊಲಿಗೆ ಇರುವ ಕಡೆಗೇ. ನನಗೆ ಆಗಿದ್ದು ಎರಡನೆಯದು.

ಸಬ್ಬಸಿಗೆಯ ಕಥೆ ಇನ್ನೂ ಮಜಾ ಇದೆ. ಸಂಸ್ಕೃತದಲ್ಲಿ ಶತಪುಷ್ಪ. ಕಾಶ್ಯಪಸಂಹಿತೆಯಲ್ಲಿ ಶತಪುಷ್ಪ ಮತ್ತು ಶತಾವರಿಗೆ ಅಂತಲೇ ಒಂದು ಅಧ್ಯಾಯ ಇದೆ. ಮರಾಠಿಯವರು ಇದರ ಬೀಜಕ್ಕೆ ಬಾಣಂತಿಯ ಹೆಸರನ್ನೇ ಇಟ್ಟು 'ಬಾಳಂತಶೇಪಾ' ಅನ್ನುತ್ತಾರೆ. ನಮ್ಮಲ್ಲಿ ಸೊಪ್ಪು ಬಾಣಂತಿಗೆ, ಬೀಜದ ನೀರು ಕೂಸಿಗೆ. ಇದೇ ಬೀಜದ ಎಣ್ಣೆಯನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ವ್ಯಾಪಾರಿ ಸೋಡಾ, ಸಕ್ಕರೆ, ಆಲ್ಕೋಹಾಲ್ ಜೊತೆ ಬೆರೆಸಿ ಬಾಟಲಿಗೆ ತುಂಬಿದ. ಅದೇ ಗ್ರೈಪ್ ವಾಟರ್. ಕಾಲಾನಂತರ ಆಲ್ಕೋಹಾಲ್ ಬಿಟ್ಟರು. ಟೀವಿಯಲ್ಲಿ ಅಜ್ಜಿ, ತಾಯಿ, ಮಗಳು ಸಾಲಾಗಿ ಬರುತ್ತಿದ್ದ ಆ ಜಾಹೀರಾತು ನಮ್ಮ ತಲೆಮಾರಿನವರಿಗೆ ಗೊತ್ತು. ಸಂತೆಯಲ್ಲಿ ಹತ್ತು ರೂಪಾಯಿಗೆ ಎರಡು ಕಟ್ಟು ಸಿಗುವ ಸೊಪ್ಪಿನ ಬೀಜ ಇಂಗ್ಲಿಷ್ ಲೇಬಲ್ ಅಂಟಿಸಿಕೊಂಡು ನಮ್ಮ ತೊಟ್ಟಿಲ ಪಕ್ಕಕ್ಕೇ ಬಂದು ನಿಂತಿತು. ಓಮಿನ ಕಾಳಿನದೂ ಹೆಚ್ಚುಕಡಿಮೆ ಹೀಗೇ. ಒಂದನೇ ಮಹಾಯುದ್ಧಕ್ಕೆ ಮೊದಲು ನಮ್ಮ ದೇಶದ ಓಮು ಜರ್ಮನಿಗೆ ಹೋಗಿ, ಥೈಮಾಲ್ ಆಗಿ, ಕೊಕ್ಕೆಹುಳದ ಔಷಧವಾಗಿ ಜಗತ್ತೆಲ್ಲ ತಿರುಗುತ್ತಿತ್ತು.

ಹಾವೇರಿಗೆ ಬಂದರೆ ಏಲಕ್ಕಿ. ನಮ್ಮೂರನ್ನು ಏಲಕ್ಕಿ ಕಂಪಿನ ಊರು ಅಂತ ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ, 2023ರ ಜನವರಿಯಲ್ಲಿ ಇಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಮತ್ತೂ ಹೇಳಿದರು. ಆದರೆ ಏಲಕ್ಕಿ ಇಲ್ಲಿ ಬೆಳೆಯೋದಿಲ್ಲ. ಬ್ರಿಟಿಷರ ಕಾಲದಲ್ಲಿ ಘಟ್ಟದ ಏಲಕ್ಕಿ ಹಾವೇರಿಗೆ ಬಂದು, ಇಲ್ಲಿಯ ಬಾವಿನೀರಲ್ಲಿ ಅಂಟುವಾಳ ಹಾಕಿ ತೊಳೆದು ಬಿಳುಪಾಗಿ ಹೊರಗಿನ ಮಾರುಕಟ್ಟೆಗೆ ಹೋಗುತ್ತಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲು ಬಂದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಹಳಿಯ ಸ್ಟೇಷನ್ನುಗಳಾದವು. ಒಳ್ಳೆಯ ಬಿಳಿ ಏಲಕ್ಕಿ ಊರು ಬಿಟ್ಟು ಹೋಗಿ, ಒಡೆದದ್ದು, ಕಪ್ಪಾದದ್ದು ಇಲ್ಲಿಯವರ ಡಬ್ಬಿಗೆ ಬೀಳುತ್ತಿತ್ತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಬಾಣಂತಿಯ ಉಂಡೆಗೆ, ವಾಕರಿಕೆಗೆ ಆ ಒಡಕು ಏಲಕ್ಕಿಯೇ.

ಅದೇ ಹೊತ್ತಿಗೆ, 1884ರಲ್ಲಿ, ಮುಂಬಯಿ ಸರ್ಕಾರದ ಧಾರವಾಡ ಗೆಜೆಟಿಯರ್ ಬಂತು. ನಮ್ಮ ಮೂರು ತಾಲೂಕೂ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಜಾತಿ ಜಾತಿಗೂ ಮದುವೆ, ಹೆರಿಗೆ, ಸಾವು ಹೇಗೆ ಅಂತ ಅದರಲ್ಲಿ ಬರೆದಿಟ್ಟಿದ್ದಾರೆ. ಬರೆಸಿಕೊಂಡವರೂ ಗಂಡಸರು, ಬರೆದವರೂ ಗಂಡಸರು. ಬಾಣಂತಿಗೆ ಏನು ತಿನ್ನಿಸಿದರು ಅನ್ನೋದು ಆಚಾರ, ಅದಕ್ಕೆ ಅಲ್ಲಿ ಜಾಗ ಇದೆ. ತಿಂದದ್ದು ಹೊಟ್ಟೆಯೊಳಗೆ ಏನು ಮಾಡಿತು ಅನ್ನೋದು ಆ ಪುಸ್ತಕದ ಕೆಲಸವಾಗಿರಲಿಲ್ಲ.

ಅದನ್ನು ನನಗೆ ಹೇಳಿದ್ದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಸೂಲಗಿತ್ತಿ ಅಜ್ಜಿ. ಎಷ್ಟು ಹೆರಿಗೆ ಮಾಡಿಸಿದೀರಿ ಅಂದರೆ "ಯಾರು ಎಣಿಸ್ಯಾರ" ಅಂದಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಈ ಅಜ್ಜಿಯನ್ನೂ ಯಾರೋ ಊರಲ್ಲಿ ಶಾಲು ಹೊದಿಸಿ ಫೋಟೋ ತೆಗೆಸಿದ್ದರು. ನಾನು ನೀರಿನ ವಿಷಯ ಕೆದಕಿದೆ. ಮೊದಲು ಎಲ್ಲರ ಹಾಗೆ "ಹೊಟ್ಟಿ ಬರತೈತಿ" ಅಂದಳು. ಬಿಡದೆ ಕೇಳಿದೆ. ಸ್ವಲ್ಪ ಹೊತ್ತು ಎಲೆ ಮೆಲ್ಲುತ್ತಾ ಕೂತು ಹೇಳಿದಳು:

"ಆಗ ಪಾಯಖಾನಿ ಎಲ್ಲಿದ್ವವ್ವಾ? ಹಸಿ ಬಾಣಂತಿನ್ನ ಕತ್ತಲಾಗ ಬಯಲಿಗೆ ಹೆಂಗ ಕಳಸೋದು? ಗಾಳಿ ಬಡೀತೈತಿ, ಹುಳಾ ಹುಪ್ಪಡಿ. ಕ್ವಾಣ್ಯಾಗ ಬೂದಿ ಹಾಕಿದ ಬುಟ್ಟಿ ಇಡತಿದ್ವಿ. ತಗದು ಹಾಕೋರು ಯಾರು? ಕಮ್ಮಿ ಕುಡದ್ರ ಕಮ್ಮಿ ಹೋಗಬೇಕಾಗತೈತಿ."

ನನಗೆ ಯಾವ ಪುಸ್ತಕದಲ್ಲೂ ಸಿಗದ ಸಾಲು ಇದು. ಮೇಲೆ ಹೇಳಿದ ಚರಕನ ಭಾಗದಲ್ಲಿ ನೀರು ಕೊಡಬೇಡಿ ಅಂತ ಇಲ್ಲ, ಗಂಜಿಯೇ ತೆಳ್ಳಗಿರಬೇಕು ಅಂತ ಇದೆ. ನಮ್ಮ ಮನೆಗಳಲ್ಲಿ ನೀರು ನಿಲ್ಲಿಸಿದ್ದಕ್ಕೆ ಶಾಸ್ತ್ರಕ್ಕಿಂತ ಶೌಚಾಲಯ ಇಲ್ಲದ್ದು ದೊಡ್ಡ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಒಬ್ಬ ಅಜ್ಜಿಯ ಮಾತಿನ ಮೇಲೆ ಇಷ್ಟು ದೊಡ್ಡ ತೀರ್ಮಾನ ಹೇಳಬಾರದು ಅಂತ ಡಿಪ್ಲೊಮಾದಲ್ಲಿ ಕಲಿತಿದ್ದೇನೆ. ಆದ್ದರಿಂದ ಅನಿಸಿಕೆ ಅಂತಲೇ ಬರೆದಿದ್ದೇನೆ. ಆದರೆ ಈಗ ನಮ್ಮ ಮನೆಯಲ್ಲಿ ಕೋಣೆಗೆ ಅಂಟಿಕೊಂಡೇ ಪಾಯಖಾನೆ ಇದೆ. ಕಾರಣ ಹೋಯಿತು, ಎರಡು ಗುಟುಕು ಉಳಿಯಿತು.

ಅಂಟಿನುಂಡೆ, ಅಳವಿಯ ವಿಷಯದಲ್ಲಿ ಈ ಎರಡು ಗುಟುಕು ಇನ್ನೂ ತೊಂದರೆ ಮಾಡುತ್ತದೆ. ಜಾಲಿ ಮರದ ಅಂಟು ಕರಗುವ ನಾರು, ಅಳವಿ ಕಾಳು ನೆನೆದರೆ ಲೋಳೆ ಬಿಡುತ್ತದೆ. ಎರಡೂ ನೀರು ಕುಡಿದರೆ ಕರುಳಿಗೆ ಒಳ್ಳೆಯದು. ನೀರಿಲ್ಲದೆ ದಿನಕ್ಕೆ ಎರಡು ಉಂಡೆ ತಿಂದರೆ ಒಳಗೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ಹಾಲಲ್ಲಿ ಕುದಿಸಿದ ಅಳವಿ ಪಾಯಸ ಇದ್ದುದರಲ್ಲಿ ಬುದ್ಧಿವಂತ ಅಡುಗೆ, ನೀರು ಅದರೊಳಗೇ ಇರುತ್ತದೆ.

ಎಲೆಯ ಬಗ್ಗೆಯೂ ಒಂದು ಮಾತು. ಊಟ ಆದ ಮೇಲೆ ಬಾಣಂತಿ ಎಲೆ ಹಾಕಲೇಬೇಕು, ಅದೂ ನಮ್ಮ ಜಿಲ್ಲೆಯ ಸವಣೂರು ಎಲೆ ಸಿಕ್ಕರೆ ಇನ್ನೇನು. ಜೀರ್ಣ ಆಗುತ್ತದೆ ಅನ್ನುತ್ತಾರೆ. ಸಿಸೇರಿಯನ್ ಆದವರಿಗೆ ಚೂಯಿಂಗ್ ಗಮ್ ಅಗಿಯಲು ಕೊಟ್ಟರೆ ಗಾಳಿ ಬೇಗ ಹೋಗುತ್ತದಾ ಅಂತ ವಿದೇಶಗಳಲ್ಲಿ ಹಲವು ಪ್ರಯೋಗ ಆಗಿವೆ. ಅಗಿದರೆ ಊಟ ಬಂತು ಅಂತ ಕರುಳು ಮೋಸಹೋಗಿ ಎಚ್ಚರಾಗುತ್ತದೆ ಅನ್ನೋದು ಲೆಕ್ಕ. 2016ರಲ್ಲಿ ಅವನ್ನೆಲ್ಲ ಒಟ್ಟು ಮಾಡಿ ನೋಡಿದ ಕಾಕ್ರೇನ್ ವರದಿ ಸ್ವಲ್ಪ ಬೇಗ ಹೋಗುತ್ತದೆ ಅಂತಲೇ ಹೇಳಿತು, ಪುರಾವೆ ಗಟ್ಟಿಯಲ್ಲ ಅಂತಲೂ ಹೇಳಿತು. ಬರೀ ಎಲೆ ಅಗಿದರೆ ಅಷ್ಟಕ್ಕಷ್ಟೆ ಇರಲಿ. ಆದರೆ ಅದರೊಳಗಿನ ಅಡಿಕೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ತಂಬಾಕಿನ ಮಾತು ಬಿಡಿ. ನಮ್ಮ ಎಷ್ಟೋ ಅಮ್ಮಂದಿರಿಗೆ ತಂಬಾಕಿನ ಚಟ ಹತ್ತಿದ್ದು ಬಾಣಂತಿ ಕೋಣೆಯಲ್ಲೇ.

ಈಗ ಹೆರಿಗೆ ಮನೆಯಲ್ಲಿ ಆಗೋದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005-06ರಲ್ಲಿ ಶೇ. 65ರಷ್ಟಿದ್ದದ್ದು 2019-21ಕ್ಕೆ ಶೇ. 97 ಆಗಿದೆ. ಸಿಸೇರಿಯನ್ ಶೇ. 31 ದಾಟಿದೆ. ಆದರೆ ಆಸ್ಪತ್ರೆಯಲ್ಲಿ ಇರೋದು ಎರಡು ಮೂರು ದಿನ, ಉಳಿದ ಮೂವತ್ತೇಳು ದಿನ ಅದೇ ಕೋಣೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂದು ಅಂಗನವಾಡಿಯಲ್ಲಿ ಬಿಸಿಯೂಟ ಕೊಡುತ್ತೇವೆ ಅಂದಾಗ, ಹಸಿ ಬಾಣಂತಿ ಹೊಸಿಲು ದಾಟಿ ಅಲ್ಲಿಗೆ ಹೇಗೆ ಬರುತ್ತಾಳೆ ಅನ್ನೋ ಪ್ರಶ್ನೆ ಊರೂರಲ್ಲಿ ಎದ್ದಿತು. ಸಾಂಬಾರು, ಬೇಳೆ, ಮೊಟ್ಟೆ, ಎಲ್ಲಾ 'ವಾಯು', 'ನಂಜು'.

ಇಲ್ಲಿಯೇ ವಿಷಯ ಗಂಭೀರ ಆಗೋದು. 2021ರಲ್ಲಿ ಬೆಂಗಳೂರಿನ ಮಕ್ಕಳ ಹೃದ್ರೋಗ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ತಾಯಿಹಾಲು ಬಿಟ್ಟು ಬೇರೇನೂ ಕುಡಿಯದ ಎಳೆಗೂಸುಗಳು ಶ್ವಾಸಕೋಶದ ರಕ್ತನಾಳದ ಒತ್ತಡ ಏರಿ, ಹೃದಯ ಸೋತು ಆಸ್ಪತ್ರೆಗೆ ಬರುತ್ತಿದ್ದವು. ಥಯಾಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಕೊಟ್ಟರೆ ಬೇಗನೆ ಚೇತರಿಸಿಕೊಂಡವು. ತಾಯಂದಿರು ತಿನ್ನುತ್ತಿದ್ದದ್ದು ಪಾಲಿಶ್ ಅಕ್ಕಿ ಅನ್ನ ಮತ್ತು ಪಥ್ಯ. ಹೊಟ್ಟೆ ಉಬ್ಬಬಾರದು ಅಂತ ಬೇಳೆ ಬಿಟ್ಟು, ಕಾಳು ಬಿಟ್ಟು, ಬಿಳಿ ಅನ್ನಕ್ಕೆ ಮೆಣಸಿನ ಸಾರು ಕಲಸಿ ತಿಂದ ತಾಯಿಯ ಹಾಲಿನಲ್ಲಿ ಬಿ1 ಇರಲಿಲ್ಲ. ಪಾಲಿಶ್ ಅಕ್ಕಿಯ ಈ ಗುಣ 1890ರ ದಶಕದಲ್ಲೇ ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯ ಕೋಳಿಗಳ ಮೇಲೆ ಕಂಡಿದ್ದ. ಬೆಳ್ಳಗಿನ ಅಕ್ಕಿ ತಿಂದ ಕೋಳಿ ಕಾಲು ಸೋತು ಬೀಳುತ್ತಿತ್ತು, ತೌಡು ಸಮೇತ ತಿಂದದ್ದು ಎದ್ದು ನಿಲ್ಲುತ್ತಿತ್ತು. ನಮ್ಮ ಮುತ್ತಜ್ಜಿಯರ ಪಥ್ಯ ಇದೇ ಇತ್ತು, ಆದರೆ ಅವರದು ಒನಕೆಯಲ್ಲಿ ಕುಟ್ಟಿದ ಅಕ್ಕಿ, ನವಣೆ, ಜೋಳದ ರೊಟ್ಟಿ. ಪಥ್ಯದ ಪಟ್ಟಿ ಹಾಗೇ ಇದೆ, ಅದರ ಕೆಳಗಿನ ಧಾನ್ಯ ಬದಲಾಗಿದೆ. ಕೂಸು ಎರಡು ತಿಂಗಳಿಗೆ ಉಸಿರು ಕಟ್ಟಿ ಹೋಯಿತು, ದೃಷ್ಟಿ ಆಗಿತ್ತು ಅಂತ ಹೇಳುವ ಮನೆಗಳಿಗೆ ನಾನು ವರದಿಗೆ ಹೋಗಿದ್ದೇನೆ. ಈಗ ಆ ಮನೆಗಳಲ್ಲಿ ತಾಯಿ ಏನು ತಿನ್ನುತ್ತಿದ್ದಳು ಅಂತ ಕೇಳದೇ ಬಂದದ್ದು ಕಾಡುತ್ತದೆ.

ಬ್ಯಾಡಗಿಯ ಆ ಓಣಿಗೆ ಮತ್ತೆ ಹೋಗಿದ್ದೆ. ಕಿಟಕಿಯ ಸೀರೆ ತೆಗೆದಿದ್ದರು. ನಲವತ್ತು ಮುಗಿದು ಎರಡು ದಿನ ಆಗಿತ್ತು. ಬಾಣಂತಿ ಹೊರಗೆ ಪಡಸಾಲೆಯಲ್ಲಿ ಕೂತು ಜೋಳದ ರೊಟ್ಟಿಗೆ ಕೆಂಪು ರಂಜಕ ಹಚ್ಚಿಕೊಂಡು ತಿನ್ನುತ್ತಿದ್ದಳು, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ. ಖಾರ ನೆತ್ತಿಗೆ ಹತ್ತಿ ಕೆಮ್ಮಿದಳು. ಅಜ್ಜಿ ತಂಬಿಗೆ ಸಮೇತ ನೀರು ಅವಳ ಮುಂದಿಟ್ಟು, ನನ್ನ ಕಡೆ ತಿರುಗಿ, "ಇವತ್ತ ಡಬ್ಬಿ ರೇಟ್ ಏನ್ ಆಗೇತಿ?" ಅಂದಳು.